ಸುಂಕದವನ ಮುಂದೆ

ತಪ್ಪು ಪಾಠ ಹೇಳಿದೆನೆಂದು ಗೊತ್ತಾದ ದಿನ ಶಿಕ್ಷಕಿಗೆ ಊಟ ರುಚಿಸುವುದಿಲ್ಲ. ಇಷ್ಟು ವರ್ಷಗಳ ನೌಕರಿಯಲ್ಲಿ ನನಗೆ ಅಂಥ ದಿನಗಳು ಕೆಲವು ಬಂದಿವೆ. ಅವುಗಳಲ್ಲಿ ಒಂದರ ಪಾಲು ನಮ್ಮ ಮನೆಯ ಟೀವಿಗೂ ಸಲ್ಲಬೇಕು.

2025ರ ಗಣಪತಿ ಹಬ್ಬ ಆಗಸ್ಟ್ 27ರಂದು ಬಂದಿತ್ತು. ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಹಾಕಿದ ಸುಂಕ ಶೇ. 50ಕ್ಕೆ ಏರಿದ್ದೂ ಅದೇ ದಿನ. ಆಗಸ್ಟ್ 7ರಿಂದ ಶೇ. 25 ಜಾರಿಯಲ್ಲಿತ್ತು; ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಎಂದು ಅದರ ಮೇಲೆ ಇನ್ನೊಂದು 25 ಬಿತ್ತು. ನಾನು ಒಳಗೆ ಕಡುಬು ಕರಿಯುತ್ತಿದ್ದೆ, ಪಡಸಾಲೆಯಲ್ಲಿ ಟೀವಿ ಒದರುತ್ತಿತ್ತು. ಟ್ರಂಪ್ ಸಾಹೇಬರ ಮುಖ, ಹಿಂದೆ ಉರಿಯುವ ಬೆಂಕಿ, ಕೆಳಗೆ ಓಡುವ ಅಕ್ಷರ. ಸುಂಕಾಸ್ತ್ರ, ಸುಂಕ ಸಮರ, ತೆರಿಗೆ ಬಾಂಬ್! ನಾಲ್ಕು ಚೌಕಗಳಲ್ಲಿ ನಾಲ್ವರು ಕುಳಿತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಕೂಗುತ್ತಿದ್ದರು. ಕಡುಬು ಮುಗಿದವು, ಚರ್ಚೆ ಮುಗಿಯಲಿಲ್ಲ.

ಹಬ್ಬ ಮುಗಿಸಿ ಶಾಲೆಗೆ ಹೋದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕಾರ, ನೂರು ರೂಪಾಯಿ ಮಾಲಿಗೆ ಐವತ್ತು ರೂಪಾಯಿ ನಾವು ಅಮೆರಿಕಾದವರಿಗಿ ಕೊಡಬೇಕೇನ್ರಿ?" ನಾನು ಹಿಂದುಮುಂದು ನೋಡದೆ, "ಹೌದವ್ವಾ, ಕೊಡಬೇಕು" ಎಂದೆ. ಸಮಾಜ ವಿಜ್ಞಾನ ಕಲಿಸುವವಳು ನಾನು. ಆಮದು ಸುಂಕದ ಅರ್ಥವನ್ನು ಎಷ್ಟು ಸಲ ಫಳಿಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಪುಸ್ತಕದ ಮಾತಲ್ಲ, ಟೀವಿಯ ಮಾತು.

ಸಂಜೆ ಬಸ್ಸಿನಲ್ಲಿ ಕುಳಿತಾಗ ನನ್ನ ಸೋದರಮಾವನ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅವರದು ವಿಜಾಪುರದಲ್ಲಿ ಸಣ್ಣದೊಂದು ಅಂಗಡಿ. ಆಗ ಊರ ಬಾಯಿಗೆ ಜಕಾತಿ ನಾಕಾ ಇರುತ್ತಿತ್ತು. ಸೊಲ್ಲಾಪುರದಿಂದ ಚಾದರ ತಂದರೆ ನಾಕಾದಲ್ಲಿ ಗಾಡಿ ನಿಲ್ಲಿಸಿ ಜಕಾತಿ ಕಟ್ಟಬೇಕು. ಕಟ್ಟುವವರು ಮಾವ, ಸೊಲ್ಲಾಪುರದ ನೇಕಾರನಲ್ಲ. ಮಾವ ಆ ದುಡ್ಡನ್ನು ಮನೆಯಿಂದ ಕಳೆದುಕೊಂಡರೇ? ಚಾದರದ ಬೆಲೆಗೆ ಸೇರಿಸಿದರು, ಗಿರಾಕಿ ಕೊಟ್ಟ. ಕೆಲವೊಮ್ಮೆ ಗಿರಾಕಿ ಒಪ್ಪದಿದ್ದಾಗ ಮಾವ ಸೊಲ್ಲಾಪುರದವನಿಗೆ, "ರೇಟು ಇಳಿಸು, ಇಲ್ಲಾಂದ್ರ ಮಾಲು ಬ್ಯಾಡ" ಎಂದು ಪತ್ರ ಬರೆಯುತ್ತಿದ್ದರು. ಸುಂಕದ ಅರ್ಥಶಾಸ್ತ್ರವೆಲ್ಲ ಈ ಮೂರು ಮಾತಿನಲ್ಲಿದೆ: ಕಟ್ಟುವವನು ತರಿಸಿಕೊಳ್ಳುವವನು, ಹೊರುವವನು ಹೆಚ್ಚಾಗಿ ಕೊಳ್ಳುವವನು, ನಷ್ಟದ ಒಂದು ಪಾಲು ವ್ಯಾಪಾರ ತಪ್ಪಿದ ದೂರದ ಊರಿನವನಿಗೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ಆಗಸ್ಟಿನಲ್ಲಿ ಬಂದ ಭಯ ಇದು. ಅದು ನಿಜವಾದ ಭಯ, ಅಲ್ಲಗಳೆಯುವಂಥದ್ದಲ್ಲ. ಆದರೆ ಆರ್ಡರು ತಪ್ಪುವುದು ಬೇರೆ, ಕಪ್ಪ ಕೊಡುವುದು ಬೇರೆ.

ನನ್ನ ತಕರಾರು ಇರುವುದು 'ಅಸ್ತ್ರ' ಎಂಬ ಆ ಪದದ ಮೇಲೆ. ಅಸ್ತ್ರ ಎಂದ ಕೂಡಲೇ ಬಿಟ್ಟವನೊಬ್ಬ, ತಗುಲಿಸಿಕೊಂಡವನೊಬ್ಬ. ನಡುವೆ ಬಿಲ್ಲು ಮಾತ್ರ ಇರುತ್ತದೆ, ಅಂಗಡಿಯ ಬಿಲ್ಲು ಇರುವುದಿಲ್ಲ. ಅಮೆರಿಕದಲ್ಲಿ ಜಗಳ ನಡೆದದ್ದೇ ಆ ಅಂಗಡಿ ಬಿಲ್ಲಿನ ಬಗ್ಗೆ. 2025ರ ಏಪ್ರಿಲ್ ಕೊನೆಗೆ ಅಮೆಜಾನ್ ಕಂಪನಿ ವಸ್ತುವಿನ ಬೆಲೆಯ ಪಕ್ಕದಲ್ಲಿ ಸುಂಕದ ಪಾಲೆಷ್ಟೆಂದು ತೋರಿಸಲಿದೆ ಎಂಬ ಸುದ್ದಿ ಬಂತು. ಇದು ಹಗೆತನದ ರಾಜಕೀಯ ಎಂದು ಶ್ವೇತಭವನ ಸಿಡುಕಿತು. ಅಂಥ ಯೋಜನೆಗೆ ಒಪ್ಪಿಗೆಯೇ ಕೊಟ್ಟಿಲ್ಲವೆಂದು ಕಂಪನಿ ಹೇಳಿತು. ಸುಂಕವನ್ನು ಹೊರಗಿನವರೇ ಕಟ್ಟುವುದಾದರೆ ಬಿಲ್ಲಿನಲ್ಲಿ ಕಾಣಿಸಲು ಇಷ್ಟು ಅಂಜಿಕೆ ಯಾಕೆ? ಮಾರನೆಯ ದಿನ ಸ್ವತಃ ಟ್ರಂಪ್ ಅವರೇ, ಮಕ್ಕಳಿಗೆ ಮೂವತ್ತು ಗೊಂಬೆಗಳ ಬದಲು ಎರಡು ಸಿಕ್ಕಾವು, ಅವುಗಳ ಬೆಲೆಯೂ ಒಂದೆರಡು ಡಾಲರ್ ಹೆಚ್ಚಾದೀತು ಎಂಬ ಅರ್ಥದ ಮಾತಾಡಿದರು. ಕಾರ್ಖಾನೆಗಳು ತಮ್ಮ ದೇಶಕ್ಕೆ ಮರಳಬೇಕಾದರೆ ಇಷ್ಟು ತಾಳಿಕೊಳ್ಳಿ ಎಂಬುದು ಅವರ ಕಡೆಯವರ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ಬೊಕ್ಕಸಕ್ಕೆ ಯಾರ ಕಿಸೆಯಿಂದ ಹೋಗುತ್ತದೆ ಎಂಬುದನ್ನು ಆ ಗೊಂಬೆಯ ಮಾತು ಮುಚ್ಚಿಡಲಿಲ್ಲ. ಈ ಸುಂಕದ ವಿರುದ್ಧ ಅಲ್ಲಿಯ ಕೋರ್ಟಿಗೆ ಹೋದವರಲ್ಲಿ ನ್ಯೂಯಾರ್ಕಿಗೆ ವೈನ್ ತರಿಸುವ ಸಣ್ಣ ವ್ಯಾಪಾರಿಯಿದ್ದ, ಮಕ್ಕಳ ಕಲಿಕೆಯ ಆಟಿಕೆ ಮಾರುವ ಲರ್ನಿಂಗ್ ರಿಸೋರ್ಸಸ್ ಎಂಬ ಕಂಪನಿಯೂ ಇತ್ತು. ಎಣಿಸುವ ಮಣಿ, ಜೋಡಿಸುವ ಅಕ್ಷರ ಇಂಥವುಗಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರಲ್ಲ ಎಂದು ಶಿಕ್ಷಕಿಯಾದ ನನಗೆ ಸಣ್ಣ ಖುಷಿಯೂ ಆಯಿತು. ನಮ್ಮ ನಾಲ್ಕು ಚೌಕದ ಪಂಡಿತರ ಬಾಯಲ್ಲಿ ಇವರಾರ ಹೆಸರನ್ನೂ ನಾನು ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ದೂರದ ಸುಂಕದ ಗದ್ದಲದಲ್ಲಿ ನಮ್ಮ ಮನೆ ಬಾಗಿಲ ಸುಂಕ ಕಾಣದೆ ಹೋಯಿತು. ನನ್ನ ತವರು ಮುದ್ದೇಬಿಹಾಳ ತಾಲೂಕು. ತಮ್ಮ ಹತ್ತಿ, ತೊಗರಿ ಬೆಳೆಯುತ್ತಾನೆ. ಪರದೇಶದ ಹತ್ತಿಗೆ 2021ರ ಫೆಬ್ರವರಿಯಿಂದ ನಮ್ಮ ಸರಕಾರ ಶೇ. 11 ಆಮದು ಸುಂಕ ಹಾಕುತ್ತ ಬಂದಿತ್ತು. 2025ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ನಿಂತು ಪ್ರಧಾನಿಯವರು ರೈತರ ಹಿತಕ್ಕೆ ತಾವು ಗೋಡೆಯಾಗಿ ನಿಂತಿರುವುದಾಗಿ ಹೇಳಿದರು. ಆಗಸ್ಟ್ 19ರಿಂದ ಆ ಶೇ. 11 ತೆಗೆಯಲಾಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಎಂದರು, ಆಮೇಲೆ ಡಿಸೆಂಬರ್ 31ರವರೆಗೆ ಮುಂದುವರಿಸಿದರು. ಅಮೆರಿಕದ ಸುಂಕದಿಂದ ಏದುಸಿರು ಬಿಡುತ್ತಿದ್ದ ಬಟ್ಟೆ ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲಿ ಎಂಬುದು ಕಾರಣ. ಕಾರಣ ಸುಳ್ಳಲ್ಲ; ಗಿರಣಿ ನಿಂತರೆ ಹತ್ತಿ ಕೊಳ್ಳುವವರು ಯಾರು ಎಂದು ಕೇಳುವವರೂ ಇದ್ದಾರೆ. ಆದರೆ ನಮ್ಮ ಕಡೆ ಹತ್ತಿ ಬಿಡಿಸಿ ಪೇಟೆಗೆ ಒಯ್ಯುವ ತಿಂಗಳುಗಳೂ ಅವೇ. ಮೇಲಾಗಿ ಆ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಲಗಳು ನೀರಿನಲ್ಲಿ ನಿಂತಿದ್ದವು. ಇಂಥ ಸುದ್ದಿಯನ್ನು ನಾನು ಕಂಡದ್ದು ಪತ್ರಿಕೆಯ ವಾಣಿಜ್ಯ ಪುಟದ ಮೂಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ. ಅದಕ್ಕೆ ಬೆಂಕಿಯ ಚಿತ್ರವಿರಲಿಲ್ಲ, 'ಅಸ್ತ್ರ'ವೂ ಇರಲಿಲ್ಲ.

ತೊಗರಿಯದು ಇನ್ನೂ ಹಳೆಯ ಕಥೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಕಟ್ಟು ಸಡಿಲಿಸಿ, ಆ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸಿದರು. ಮೊಜಾಂಬಿಕ್, ತಾಂಜಾನಿಯಾ, ಬರ್ಮಾದ ಕಾಳು ಬಂದರಿಗೆ ಬರುತ್ತದೆ. ಇಲ್ಲಿ ನನ್ನ ಬಣ್ಣವೂ ಬಯಲಾಗುತ್ತದೆ. ಪಗಾರದಲ್ಲಿ ಬೇಳೆ ಕೊಳ್ಳುವ ನನಗೆ ಬೇಳೆ ಅಗ್ಗವಾದರೆ ಹಿತ. ತಮ್ಮನಿಗೆ ಅದೇ ಅಹಿತ. ಒಂದೇ ತಾಯಿಯ ಮಕ್ಕಳು ನಾವಿಬ್ಬರೂ ಸುಂಕದ ಆಚೆ ಒಬ್ಬರು ಈಚೆ ಒಬ್ಬರು. ಅಮೆರಿಕದ ಸುಂಕ ಅನ್ಯಾಯ, ನಮ್ಮದು ನ್ಯಾಯ ಎಂದು ಅಷ್ಟು ಸಲೀಸಾಗಿ ಕೂಗುವವರು ಹೀಗೊಂದು ಮನೆಯಲ್ಲಿ ಒಂದು ದಿನ ಉಂಡು ಹೋಗಬೇಕು.

ನಾನು ಕೆಲಸ ಮಾಡುವುದು ಬಸವನ ಬಾಗೇವಾಡಿ ತಾಲೂಕಿನಲ್ಲಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನಿದ್ದ. ಸುಂಕ ವಸೂಲಿಯೇ ಅವನ ಕಾಯಕ. ನಾಕಾದಲ್ಲಿ ಕುಳಿತವನಿಗೆ ಯಾವ ಹೇರು ಯಾರದು, ಕೊಟ್ಟವನಾರು, ಕಳೆದುಕೊಂಡವನಾರು ಎಂಬ ಲೆಕ್ಕ ಇದ್ದೇ ಇದ್ದೀತು. ನಮ್ಮ ಚರ್ಚೆಗಳನ್ನು ನಡೆಸುವವರಿಗೆ ಆ ಲೆಕ್ಕ ಬೇಡ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಹೇಳಿಕೊಳ್ಳಲು ಸುಂಕದವನಾದರೂ ಮುಂದೆ ಕುಳಿತಿರುತ್ತಿದ್ದ. ಈಗ ಟೀವಿಯ ಮುಂದೆ ನಾವು ಕುಳಿತಿದ್ದೇವೆ.

ಮರುದಿನ ತರಗತಿಯಲ್ಲಿ, ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಶುರುಮಾಡಿದೆ. ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ನಕ್ಕರು. ಮಾವನ ಅಂಗಡಿಯ ಚಿತ್ರ ಬಿಡಿಸಿದೆ, ನಾಕಾ ಬರೆದೆ, ಚಾದರ ಹೊತ್ತ ಗಾಡಿ ಬರೆದೆ. ಎಲ್ಲ ಮುಗಿದ ಮೇಲೆ ಹತ್ತಿಯ ಶೇ. 11ರ ಮಾತು ಹೇಳಿದೆ. ಮೊದಲ ಪ್ರಶ್ನೆ ಕೇಳಿದ್ದ ಆ ಹುಡುಗಿಯ ಮನೆಯವರದೂ ಎರಡೆಕರೆ ಹತ್ತಿ. ಅವಳು ಸ್ವಲ್ಪ ಹೊತ್ತು ಫಳಿಯನ್ನೇ ನೋಡಿ, "ಅಕ್ಕಾರ, ಹಂಗಾರ ನಮ್ಮಪ್ಪಗ ಈ ಸುದ್ದಿ ಗೊತ್ತದನೋ ಇಲ್ಲೋ?" ಎಂದಳು. ನಾನು ಆಗಸ್ಟ್ 19 ಎಂಬ ತಾರೀಖನ್ನು ಬರೆದುಕೊಳ್ಳಲು ಹೇಳಿದೆ. ಅವಳು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಹಾಳೆ ಹರಿದು, ಮಡಚಿ, ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಳು.