ಇಪ್ಪತ್ತೊಂದನೆಯ ಗುಂಡಿನ ಆಸೆ

ಪ್ರಾಕ್ಟಿಕಲ್ ಪಿಸ್ತೂಲ್ ಸ್ಪರ್ಧೆಗೆ ಹೊಸದಾಗಿ ಇಳಿದವರು ಮ್ಯಾಗಜೀನ್ ಕೊಳ್ಳುವಾಗ ಮೊದಲು ಕೇಳುವುದೇ ಇದನ್ನು: ಎಷ್ಟು ಗುಂಡು ಹಿಡಿಯುತ್ತೆ? ತಯಾರಕರೂ ಆ ಸಂಖ್ಯೆಯನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ಅದರಲ್ಲಿ ಒಂದನ್ನು ಕಳೆದು ಲೆಕ್ಕ ಹಾಕಿ, ಆಮೇಲೆ ದುಡ್ಡು ಕೊಡಿ ಎನ್ನುವುದು ನನ್ನ ಮಾತು.

ಅಮೆರಿಕದ ಯುಎಸ್‌ಪಿಎಸ್‌ಎ ಎಂಬ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆಯ ಪಂದ್ಯಗಳನ್ನೇ ನೋಡಿ. ಲಿಮಿಟೆಡ್, ಓಪನ್ ವಿಭಾಗಗಳಲ್ಲಿ ಮಿತಿ ಇರುವುದು ಗುಂಡಿನ ಎಣಿಕೆಗಲ್ಲ, ಮ್ಯಾಗಜೀನಿನ ಉದ್ದಕ್ಕೆ. ಲಿಮಿಟೆಡ್‌ನಲ್ಲಿ 141.25 ಮಿ.ಮೀ., ಓಪನ್‌ನಲ್ಲಿ 171.25 ಮಿ.ಮೀ. ಅಷ್ಟು ಉದ್ದದೊಳಗೆ ಇನ್ನೊಂದು ಗುಂಡು ತುರುಕಲು ತಳದ ಬೇಸ್ ಪ್ಯಾಡ್ ತೆಳುವಾಗುತ್ತದೆ, ಗುಂಡುಗಳನ್ನು ಮೇಲೆ ತಳ್ಳುವ ಫಾಲೋವರ್ ಗಿಡ್ಡವಾಗುತ್ತದೆ, ಸ್ಪ್ರಿಂಗಿನ ಸುತ್ತು ಕಡಿಮೆಯಾಗುತ್ತದೆ. ಸ್ಪ್ರಿಂಗ್ ಸೋತರೆ ಕೊನೆಯ ಎರಡು ಮೂರು ಗುಂಡು ಸಮಯಕ್ಕೆ ಸರಿಯಾಗಿ ಮೇಲೇಳುವುದಿಲ್ಲ, ಸ್ಲೈಡ್ ಅವನ್ನು ಬಿಟ್ಟು ಮುಂದೆ ಹೋಗುತ್ತದೆ.

ಆ ಹೆಚ್ಚುವರಿ ಗುಂಡಿನ ಬೆಲೆ ಎಷ್ಟು? ಅತಿ ಉದ್ದದ ಸುತ್ತಾದ ಲಾಂಗ್ ಕೋರ್ಸ್‌ಗೆ ಬೇಕಾಗುವುದು ಹೆಚ್ಚೆಂದರೆ 32 ಗುಂಡು. ಲಿಮಿಟೆಡ್‌ನ .40 ಪಿಸ್ತೂಲಿನಲ್ಲಿ 20ರ ಎರಡು ಮ್ಯಾಗಜೀನ್, ಚೇಂಬರಿನಲ್ಲಿ ಒಂದು ಸೇರಿದರೆ 41. ಒಂಬತ್ತು ಗುಂಡು ಮಿಕ್ಕುತ್ತವೆ. 20ರ ಜಾಗದಲ್ಲಿ 21 ಇದ್ದರೂ ಒಂದು ರೀಲೋಡ್ ತಪ್ಪುವುದಿಲ್ಲ, ನಡೆಯುತ್ತಲೇ ಬದಲಿಸುವ ಅಭ್ಯಾಸವಿದ್ದವರಿಗೆ ಅದು ಹೊರೆಯೂ ಅಲ್ಲ. ಗುಂಡು ಸಿಕ್ಕಿಕೊಂಡರೆ ಮಾತ್ರ ಕಥೆ ಬೇರೆ. ಇಲ್ಲಿ ಅಂಕವನ್ನು ಸಮಯದಿಂದ ಭಾಗಿಸುತ್ತಾರೆ. 32 ಗುಂಡಿನ ಪೂರ್ತಿ 160 ಅಂಕವನ್ನು 20 ಸೆಕೆಂಡಿನಲ್ಲಿ ಗಳಿಸಿದರೆ ಹಿಟ್ ಫ್ಯಾಕ್ಟರ್ 8. ಜಾಮ್ ಬಿಡಿಸಲು ಮೂರೇ ಸೆಕೆಂಡು ಹೋಗಲಿ, ಅದೇ ಗುರಿಗೆ ಸಿಗುವುದು 6.96. ನೂರಕ್ಕೆ ಹದಿಮೂರು ಪಾಲು ಹೋಯಿತು!

ಹಾಗಾಗಿ ಪರೀಕ್ಷೆ ಮುಖ್ಯ. ಡಮ್ಮಿ ಗುಂಡುಗಳನ್ನು ಪೂರ್ತಿ ತುಂಬಿ, ಸ್ಲೈಡ್ ಮುಚ್ಚಿರುವಾಗಲೇ ಮ್ಯಾಗಜೀನನ್ನು ಹಿಡಿಕೆಯೊಳಗೆ ತಳ್ಳಿ. ಸಾಧಾರಣ ಒತ್ತಡಕ್ಕೆ 'ಟಕ್' ಎಂದು ಕೂರಬೇಕು. ಅಂಗೈ ಉರಿಯುವಂತೆ ಗುದ್ದಬೇಕಾಯಿತೆಂದರೆ ಒಂದು ಗುಂಡು ಕಡಿಮೆ ತುಂಬಿ, ಅದೇ ಅದರ ನಿಜವಾದ ಸಾಮರ್ಥ್ಯ. ಬಟನ್ ಒತ್ತಿದರೆ ಖಾಲಿ ಮ್ಯಾಗಜೀನ್ ತನ್ನ ಭಾರಕ್ಕೇ ಜಾರಿ ಬೀಳಬೇಕು. ಆಮೇಲೆ ಫೀಡ್ ಲಿಪ್. ಗುಂಡನ್ನು ಹಿಡಿದಿಡುವ ಆ ಎರಡು ಉಕ್ಕಿನ ತುಟಿಗಳು ನೆಲಕ್ಕೆ ಬಿದ್ದು ಬಿದ್ದು ಕೂದಲೆಳೆಯಷ್ಟು ಅಗಲವಾದರೂ ಸಾಕು, ಗುಂಡು ಬೇಗ ಬಿಡುಗಡೆಯಾಗಿ ಮೂತಿ ಮೇಲೆತ್ತುತ್ತದೆ. ಚೆನ್ನಾಗಿ ನಡೆಯುವ ಮ್ಯಾಗಜೀನಿನ ತುಟಿಯ ಅಂತರವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಪ್ರತಿಯೊಂದಕ್ಕೂ ನಂಬರ್ ಹಾಕಿ. ತೊಂದರೆ ಕೊಟ್ಟದ್ದು ಯಾವುದೆಂದು ಆಗ ಗೊತ್ತಾಗುತ್ತದೆ.

ಎಸ್‌ಟಿಐ ಕಂಪನಿ (2020ರಿಂದ ಸ್ಟಕಾಟೊ) ಬೆಳೆಸಿದ ‘2011’ ಎಂಬ ಮಾದರಿಯ ಪಿಸ್ತೂಲುಗಳು ಈ ವಿಷಯದಲ್ಲಿ ನಾಜೂಕು. ಒಂದರಲ್ಲಿ ಸಲೀಸಾಗಿ ನಡೆದದ್ದು ಇನ್ನೊಂದರಲ್ಲಿ ಹಟ ಮಾಡುತ್ತದೆ. ಅವಕ್ಕೆ ಎಂಬಿಎಕ್ಸ್ ಮ್ಯಾಗಜೀನ್ ದುಬಾರಿಯಾದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗ್ಲಾಕ್‌ಗಾದರೆ ಕಂಪನಿಯದೇ ಮ್ಯಾಗಜೀನಿಗೆ ಉದ್ದದ ಬೇಸ್ ಪ್ಯಾಡ್ ಹಾಕಿದರೆ ಸಾಕು, ಜೊತೆಗೆ ಹೊಸ ಸ್ಪ್ರಿಂಗ್.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ನೆಲೆಸಿ ಈ ಆಟಕ್ಕೆ ಬಂದಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಕಾನೂನಿನ ಮಿತಿ ಹತ್ತೇ ಗುಂಡು. ಪಕ್ಕದ ರಾಜ್ಯದಲ್ಲಿ ಕೊಂಡು ತಂದರೂ ಅಪರಾಧವೇ. ಹತ್ತರ ಮ್ಯಾಗಜೀನಿಗೂ ಮೇಲಿನ ಪರೀಕ್ಷೆಗಳೆಲ್ಲ ಅನ್ವಯಿಸುತ್ತವೆ. ಅಂಥವನ್ನೇ ಐದಾರು ಕೊಂಡು, ಎಲ್ಲವನ್ನೂ ರೇಂಜಿನಲ್ಲಿ ನಡೆಸಿ ನೋಡಿ, ಒಮ್ಮೆಯೂ ಕೈಕೊಡದವನ್ನು ಮಾತ್ರ ಪಂದ್ಯದ ಬೆಲ್ಟಿಗೆ ಸಿಕ್ಕಿಸಿ.