ಕೊಟ್ಟ ಲೆಕ್ಕ, ತಲುಪಿದ ಲೆಕ್ಕ

ಬಡತನ ನಿವಾರಣೆಯ ಕಾರ್ಯದಲ್ಲಿ ತೊಡಗಿದ ಸರಕಾರಗಳೂ ಧರ್ಮಸಂಸ್ಥೆಗಳೂ ವರ್ಷದ ಕೊನೆಗೆ ಒಪ್ಪಿಸುವ ವರದಿ ಸಾಮಾನ್ಯವಾಗಿ ಒಂದೇ ಬಗೆಯದು. ಎಷ್ಟು ಹಣ ವ್ಯಯವಾಯಿತು, ಎಷ್ಟು ಶಿಬಿರಗಳು ನಡೆದವು, ಎಷ್ಟು ಜನ ಬಂದರು ಎಂಬ ವಿವರ ಅದರಲ್ಲಿ ತಪ್ಪದೆ ಇರುತ್ತದೆ. ಕೊಟ್ಟದ್ದರಿಂದ ಪಡೆದವನ ಬಾಳಿನಲ್ಲಿ ಏನು ಬದಲಾಯಿತು, ಅದು ದೊರೆಯದೆ ಹೋಗಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬ ವಿಚಾರ ಮಾತ್ರ ಇರುವುದಿಲ್ಲ. ಮೊದಲನೆಯದು ಕೊಟ್ಟ ಲೆಕ್ಕ, ಎರಡನೆಯದು ತಲುಪಿದ ಲೆಕ್ಕ. ಈ ಎರಡನೆಯ ಲೆಕ್ಕವನ್ನು ಶಾಸ್ತ್ರೀಯವಾಗಿ ಮಾಡುವ ಪ್ರಯತ್ನ ಕಳೆದ ಮೂರು ದಶಕಗಳಲ್ಲಿ ಅರ್ಥಶಾಸ್ತ್ರದ ಒಂದು ಮುಖ್ಯ ಧಾರೆಯಾಗಿ ಬೆಳೆದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಮೈಕೇಲ್ ಕ್ರೇಮರ್ ಅವರಿಗೆ 2019ರ ನೊಬೆಲ್ ಪಾರಿತೋಷಕ ಸಂದದ್ದು ಈ ಮಾರ್ಗದ ಸಾಧನೆಗಾಗಿಯೇ. ಈ ಬಗೆಯ ಗಮನಾರ್ಹ ಅಧ್ಯಯನಗಳು ಕರ್ನಾಟಕದ ನೆಲದಲ್ಲಿಯೂ ನಡೆದಿವೆ. ಅವು ಏನನ್ನು ಸಿದ್ಧಪಡಿಸುತ್ತವೆ, ಏನನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಓದುಗರು ಒರೆಗೆ ಹಚ್ಚಿ ನೋಡುವುದು ಉಚಿತ.

ಈ ಸೀಮೆಯಲ್ಲಿ ಬಡತನದ ಕಾರಣಗಳನ್ನು ಹುಡುಕುವವರು ಮಳೆಯನ್ನೂ ಹತ್ತಿಯ ದರವನ್ನೂ ಮೊದಲು ನೆನೆಯುತ್ತಾರೆ. ಆದರೆ ಎರೆಹೊಲದ ರೈತನ ಮನೆಯನ್ನು ಒಂದೇ ಏಟಿಗೆ ಕೆಡಹುವ ಶಕ್ತಿ ದೊಡ್ಡ ಕಾಯಿಲೆಗೂ ಉಂಟು. ಹೃದಯದ ಶಸ್ತ್ರಚಿಕಿತ್ಸೆಗೋ ಅರ್ಬುದ ರೋಗಕ್ಕೋ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಆಸ್ಪತ್ರೆ ಸೇರಿದ ದಿನವೇ ಬಂಗಾರ ಒತ್ತೆ ಹೋಗುತ್ತದೆ, ಎತ್ತು ಮಾರಾಟವಾಗುತ್ತದೆ, ಕೊನೆಗೆ ಹೊಲದ ಮೇಲೆ ಸಾಲ ಏರುತ್ತದೆ. ರೋಗಿ ಉಳಿದರೂ ಮನೆ ಉಳಿಯುವುದಿಲ್ಲ. ಆದ್ದರಿಂದ ಬಡವನ ಚಿಕಿತ್ಸೆಯ ವೆಚ್ಚವನ್ನು ಸಮಾಜ ಹೊರುವುದು ಆರೋಗ್ಯದ ವಿಷಯವಾಗಿರುವಂತೆಯೇ ಬಡತನ ನಿವಾರಣೆಯ ವಿಷಯವೂ ಆಗಿದೆ.

ಇದೇ ಉದ್ದೇಶದಿಂದ ಕರ್ನಾಟಕ ಸರಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕೈಗೊಂಡಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಹೃದ್ರೋಗ, ಅರ್ಬುದ ಮೊದಲಾದ ದುಬಾರಿ ರೋಗಗಳ ಚಿಕಿತ್ಸೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಉಚಿತ. ಕುಟುಂಬ ಕಂತು ಕಟ್ಟಬೇಕಾಗಿರಲಿಲ್ಲ. ಹಳ್ಳಿಗಳಲ್ಲಿ ತಪಾಸಣಾ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ದೊಡ್ಡ ಆಸ್ಪತ್ರೆಗೆ ತಲುಪಿಸುವುದೂ ಯೋಜನೆಯ ಅಂಗವಾಗಿತ್ತು. 2010ರ ಫೆಬ್ರವರಿಯಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ಇದು ಅದೇ ವರ್ಷ ಬೆಳಗಾವಿ ವಿಭಾಗಕ್ಕೂ ಬಂದಿತು. ದಕ್ಷಿಣದ ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಹೀಗೆ ಎರಡು ವರ್ಷಗಳ ಕಾಲ ರಾಜ್ಯದ ನಡುವೆ ಒಂದು ಗೆರೆ ಎಳೆದಂತಾಯಿತು. ಹಾವೇರಿ, ಬಳ್ಳಾರಿಗಳ ಕಡೆಯ ಹಳ್ಳಿಗೆ ಯೋಜನೆ ಉಂಟು. ಗೆರೆ ದಾಟಿ ದಾವಣಗೆರೆ, ಚಿತ್ರದುರ್ಗಗಳ ಕಡೆಗೆ ಹೋದರೆ ಇಲ್ಲ. ಮಣ್ಣು, ಬೆಳೆ, ಭಾಷೆ, ಬಡತನ ಇವೆಲ್ಲ ಎರಡೂ ಕಡೆ ಬಹುಮಟ್ಟಿಗೆ ಒಂದೇ.

ನೀರಜ್ ಸೂದ್, ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಅರ್ನಬ್ ಮುಖರ್ಜಿ ಮತ್ತು ಅವರ ಸಹೋದ್ಯೋಗಿಗಳು ಈ ಗೆರೆಯನ್ನೇ ತಮ್ಮ ಅಧ್ಯಯನದ ಸಾಧನವಾಗಿ ಮಾಡಿಕೊಂಡರು. ಯೋಜನೆಯಿದ್ದ 300 ಹಳ್ಳಿಗಳನ್ನೂ ಇಲ್ಲದಿದ್ದ 272 ನೆರೆಹಳ್ಳಿಗಳನ್ನೂ ಆರಿಸಿ ಅರವತ್ತು ಸಾವಿರದಷ್ಟು ಮನೆಗಳ ಸಮೀಕ್ಷೆ ನಡೆಸಲಾಯಿತು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಸೇರಿದ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಗೆರೆಯ ದಕ್ಷಿಣಕ್ಕೆ ಶೇ. 0.90 ಇದ್ದರೆ ಉತ್ತರಕ್ಕೆ ಶೇ. 0.32 ಇತ್ತು. ಸಾವಿರದ ಲೆಕ್ಕದಲ್ಲಿ ಹೇಳುವುದಾದರೆ ಒಂಬತ್ತರ ಕಡೆ ಮೂರು. ದೊಡ್ಡ ಆಸ್ಪತ್ರೆ ಸೇರಿದಾಗ ಕೈಯಿಂದ ಆಗುವ ವೆಚ್ಚದಲ್ಲಿ ಶೇ. 64ರಷ್ಟು ಇಳಿಕೆ ಕಂಡಿತು.

ಅಂಕಿಗಳ ಗಾತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಅವುಗಳನ್ನು ಪರೀಕ್ಷಿಸಿದ ಕ್ರಮ. ಉತ್ತರದ ಹಳ್ಳಿಗಳಲ್ಲಿ ಸಾವು ಕಡಿಮೆಯಾದದ್ದಕ್ಕೆ ರಸ್ತೆಯೋ ನೀರೋ ಬೇರಾವುದೋ ಕಾರಣವಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಹಾಗಿದ್ದರೆ ಅದರ ಪ್ರಯೋಜನ ಅದೇ ಹಳ್ಳಿಯ ಉಳ್ಳವರಿಗೂ ಸಿಗಬೇಕಿತ್ತು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಯ ಮೇಲಿನ ಮನೆಗಳಲ್ಲಿ ಈ ಪ್ರಮಾಣ ಉತ್ತರಕ್ಕೆ ಶೇ. 0.56, ದಕ್ಷಿಣಕ್ಕೆ ಶೇ. 0.55. ಎಂದರೆ ವ್ಯತ್ಯಾಸವೇ ಇಲ್ಲ. ಗೆರೆಯ ಪರಿಣಾಮ ಕಂಡದ್ದು ಯೋಜನೆ ಯಾರಿಗಾಗಿ ಇತ್ತೋ ಅವರಲ್ಲಿ ಮಾತ್ರ. ನೆರೆಯವನನ್ನು ಸಾಕ್ಷಿಯಾಗಿ ನಿಲ್ಲಿಸಿ ಸತ್ಯವನ್ನು ಹೊರಡಿಸುವ ಈ ವಿವೇಕವೇ ಅಧ್ಯಯನದ ಹೆಚ್ಚಳ.

ಆದರೂ ಇದನ್ನು ಅಂತಿಮ ತೀರ್ಪೆಂದು ಸ್ವೀಕರಿಸುವುದು ಆತುರವಾದೀತು. ಮೊದಲನೆಯ ಸಂದೇಹ ಅಧ್ಯಯನದ ಒಳಗಿನಿಂದಲೇ ಹುಟ್ಟುತ್ತದೆ. ಯೋಜನೆಯಿಂದ ಚಿಕಿತ್ಸೆ ಪಡೆದವರ ಸಂಖ್ಯೆ ಹೆಚ್ಚಿತೆಂಬುದಕ್ಕೆ ದೃಢವಾದ ಆಧಾರ ಅದರಲ್ಲಿ ಸಿಗುವುದಿಲ್ಲ. ಶೇ. 44ರ ಏರಿಕೆ ಕಾಣುತ್ತದೆಯಾದರೂ ಅದು ಆಕಸ್ಮಿಕವಾಗಿರುವ ಸಂಭವವನ್ನು ಸಂಖ್ಯಾಶಾಸ್ತ್ರದ ನಿಯಮಗಳು ತಳ್ಳಿಹಾಕುವುದಿಲ್ಲ. ಚಿಕಿತ್ಸೆ ಹೆಚ್ಚಿತೆಂದು ಖಚಿತವಿಲ್ಲದಿರುವಾಗ ಸಾವು ಮೂರರಲ್ಲಿ ಎರಡು ಪಾಲಿನಷ್ಟು ಇಳಿದದ್ದು ಹೇಗೆ? ಸಕಾಲದಲ್ಲಿ ಆಸ್ಪತ್ರೆ ಸೇರಿದ್ದು ಕಾರಣವೋ, ಶಿಬಿರಗಳಲ್ಲಿ ರೋಗ ಮೊದಲೇ ಪತ್ತೆಯಾದದ್ದು ಕಾರಣವೋ ಎಂಬುದನ್ನು ಅಂಕಿಗಳು ಬಿಡಿಸಿ ಹೇಳುವುದಿಲ್ಲ. ಇಷ್ಟು ದೊಡ್ಡ ಫಲವನ್ನು ಇನ್ನೊಂದು ಪ್ರಮಾಣ ದೊರೆಯುವವರೆಗೆ ಎಚ್ಚರದಿಂದ ನೋಡಬೇಕಾಗುತ್ತದೆ. ಎರಡನೆಯ ಸಂದೇಹ ಸ್ಥಳದ್ದು. ಅಳೆದದ್ದು ಗಡಿಯ ಹಳ್ಳಿಗಳನ್ನು. ಬೈಲಹೊಂಗಲದಿಂದ ಬೆಳಗಾವಿಯೂ ಧಾರವಾಡವೂ ಹತ್ತಿರ. ರಾಮದುರ್ಗದ ಒಳಹಳ್ಳಿಗೆ ಎರಡೂ ದೂರ. ಜೊತೆಗಿರುವವನ ಕೂಲಿ ನಷ್ಟ, ಮನೆಯಲ್ಲಿ ದನಕರುಗಳ ಚಿಂತೆ ಇವು ವಿಮೆಯ ಪಟ್ಟಿಯಲ್ಲಿ ಇಲ್ಲ. ಸರಾಸರಿ ನಿಜವಾಗಿದ್ದರೂ ಅದು ಪ್ರತಿಯೊಂದು ಊರಿನ ನಿಜವಾಗಬೇಕಿಲ್ಲ.

ಸರಕಾರ 2012ರಲ್ಲಿಯೇ ಯೋಜನೆಯನ್ನು ದಕ್ಷಿಣಕ್ಕೆ ವಿಸ್ತರಿಸಿತ್ತು. ಅಧ್ಯಯನ ಬೆಳಕು ಕಂಡದ್ದು 2014ರಲ್ಲಿ. ಪ್ರಕಟವಾದ ಪ್ರಮಾಣ ಕೈಗೆ ಬರುವ ಮೊದಲೇ ನೀತಿ ನಿರ್ಧಾರವಾಗಿತ್ತು. 2018ರಲ್ಲಿ ಈ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಸಂಶೋಧನೆಯೇ ನೀತಿಯನ್ನು ರೂಪಿಸಿತೆಂದು ಬರೆಯುವ ಉತ್ಸಾಹಿಗಳು ಈ ಕಾಲಾನುಕ್ರಮವನ್ನು ಮರೆಯಬಾರದು. ಮಾಡಿದ ಕಾರ್ಯವನ್ನು ಉಳಿಸಿಕೊಳ್ಳಲು, ತಿದ್ದಲು, ಸೊರಗದಂತೆ ಕಾಯಲು ಪ್ರಮಾಣ ನೆರವಾಗುತ್ತದೆ. ಅದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಅದಕ್ಕೆ ಆರೋಪಿಸಬೇಕಾಗಿಲ್ಲ.

ಎರಡನೆಯ ಅಧ್ಯಯನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಗೆ ಸಂಬಂಧಿಸಿದ್ದು. ಅನೂಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ ಹಾಗೂ ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ ಸುಮಾರು ಹನ್ನೊಂದು ಸಾವಿರ ಕುಟುಂಬಗಳನ್ನು ಚೀಟಿ ಎತ್ತಿದಂತೆ ಯದೃಚ್ಛೆಯಿಂದ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ವಿಮೆಯನ್ನು ಉಚಿತವಾಗಿ, ಕೆಲವರಿಗೆ ಬೆಲೆಗೆ ಒದಗಿಸಿದರು. 2021ರಲ್ಲಿ ಹೊರಬಂದ ವರದಿಯಂತೆ ಉಚಿತವಾಗಿ ಸಿಕ್ಕವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ವಿಮೆಯನ್ನು ಸ್ವೀಕರಿಸಿದರು. ಆದರೆ ಮೂರೂವರೆ ವರ್ಷಗಳ ತರುವಾಯವೂ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಡು ಕೈಯಲ್ಲಿದ್ದೂ ಅದನ್ನು ಬಳಸಲಾರದೆ ಹಿಂದಿರುಗಿದವರು ಹಲವರು. ಕಾರ್ಡನ್ನು ಮನೆಯಲ್ಲಿ ಮರೆತು ಹೋದವರುಂಟು, ಆಸ್ಪತ್ರೆ ಅದನ್ನು ಒಪ್ಪದೆ ಹೋದದ್ದೂ ಉಂಟು.

ಮೊದಲನೆಯ ಅಧ್ಯಯನ ವಿಮೆಯಿಂದ ಪ್ರಾಣ ಉಳಿಯಿತೆನ್ನುತ್ತದೆ, ಎರಡನೆಯದು ಫಲ ಕಾಣಲಿಲ್ಲವೆನ್ನುತ್ತದೆ. ಅನೇಕಾಂತದ ಸಂಸ್ಕಾರವುಳ್ಳ ಓದುಗ ಇಲ್ಲಿ ಗೊಂದಲಗೊಳ್ಳಬೇಕಾಗಿಲ್ಲ. ಹಾಗೆಂದು ಎರಡೂ ಸರಿಯೆಂದು ಕೈತೊಳೆದುಕೊಳ್ಳುವುದು ಅನೇಕಾಂತವೂ ಅಲ್ಲ. ಯಾವ ದೃಷ್ಟಿಯಿಂದ, ಯಾರ ವಿಷಯದಲ್ಲಿ, ಯಾವ ಸ್ಥಿತಿಯಲ್ಲಿ ಈ ಮಾತು ಸತ್ಯ ಎಂದು ಕೇಳುವುದೇ ಅದರ ಶಿಸ್ತು. ಮೊದಲನೆಯದು ಕಡುಬಡವರ ಪ್ರಾಣಾಂತಿಕ ರೋಗಗಳಿಗೆ ಸಂಬಂಧಿಸಿದ್ದು. ಅಲ್ಲಿ ಶಿಬಿರ ಹಳ್ಳಿಗೆ ಬಂದು ರೋಗಿಯನ್ನು ಕರೆದೊಯ್ಯುತ್ತಿತ್ತು. ಎರಡನೆಯದು ಬಡತನ ರೇಖೆಗಿಂತ ಮೇಲಿನವರಿಗೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿಯೊಳಗಿನ ಚಿಕಿತ್ಸೆಗೆ ಸಂಬಂಧಿಸಿದ್ದು. ಅಲ್ಲಿ ಬಂದದ್ದು ಕಾರ್ಡು ಮಾತ್ರ. ವಿಮೆ ಎಂಬ ಹೆಸರು ಒಂದೇ ಆದರೂ ವಸ್ತು ಬೇರೆ. ಎರಡನ್ನೂ ಜೊತೆಗಿಟ್ಟು ಓದಿದಾಗ ಹೊಳೆಯುವ ಸಂಗತಿಯೆಂದರೆ, ಹಕ್ಕನ್ನು ಕೊಟ್ಟ ಮಾತ್ರಕ್ಕೆ ಫಲ ಬರುವುದಿಲ್ಲ. ಹಕ್ಕಿನಿಂದ ಹಾಸಿಗೆಯವರೆಗಿನ ದಾರಿಯಲ್ಲಿ ಯಾರಾದರೂ ಕೈಹಿಡಿದು ನಡೆಸಬೇಕು.

ಮೂರನೆಯ ಅಧ್ಯಯನವೂ ಇದನ್ನೇ ಬೇರೆ ಮುಖದಿಂದ ಹೇಳುತ್ತದೆ. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಅವರು ರಾಜ್ಯ ಸರಕಾರದ ಸಹಯೋಗದಲ್ಲಿ ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 140ರಲ್ಲಿ ಬೆರಳಚ್ಚಿನ ಹಾಜರಾತಿ ಯಂತ್ರವನ್ನು ಪರೀಕ್ಷಿಸಿದರು. ದಾದಿಯರು, ಔಷಧ ವಿತರಕರು, ಪ್ರಯೋಗಾಲಯದ ತಂತ್ರಜ್ಞರು ಹೆಚ್ಚು ದಿನ ಬಂದರು. ಕಡಿಮೆ ತೂಕದ ಶಿಶುಗಳ ಜನನವೂ ಇಳಿಯಿತು. ಆದರೆ ವೈದ್ಯರ ಹಾಜರಾತಿ ಬದಲಾಗಲಿಲ್ಲ, ತಪ್ಪಿದವರಿಗೆ ದಂಡ ವಿಧಿಸುವ ನಿಯಮ ಪೂರ್ತಿಯಾಗಿ ಪಾಲನೆಯಾಗಲಿಲ್ಲ. ಯಂತ್ರ ಗೈರುಹಾಜರಿಯನ್ನು ದಾಖಲಿಸಬಲ್ಲುದು, ಕರ್ತವ್ಯಬುದ್ಧಿಯನ್ನು ಹುಟ್ಟಿಸಲಾರದು. ಈ ನಿರಾಶೆಯನ್ನು ಮುಚ್ಚಿಡದೆ ಪ್ರಕಟಿಸಿದ್ದು ಸಂಶೋಧಕರ ಪ್ರಾಮಾಣಿಕತೆಗೆ ಸಾಕ್ಷಿ. ಯಶಸ್ಸನ್ನಷ್ಟೇ ಅಚ್ಚುಹಾಕಿಸುವ ಸಂಸ್ಥೆಗಳು ಇದರಿಂದ ಕಲಿಯಬೇಕಾದದ್ದಿದೆ.

ಇಂಥ ಪರೀಕ್ಷೆ ಸರಕಾರಕ್ಕೆ ಮಾತ್ರ ಸಾಧ್ಯವೆಂಬ ಭಾವನೆ ಸರಿಯಲ್ಲ. ರಾಜಸ್ಥಾನದ ಉದಯಪುರ ಸೀಮೆಯಲ್ಲಿ ಸೇವಾ ಮಂದಿರವೆಂಬ ಸ್ವಯಂಸೇವಾ ಸಂಸ್ಥೆ ಬ್ಯಾನರ್ಜಿ, ಡುಫ್ಲೋ ಅವರೊಡನೆ ಸೇರಿ 134 ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಪ್ರಯೋಗ ನಡೆಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಏನನ್ನೂ ಹೊಸದಾಗಿ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6, ತಪ್ಪದೆ ಶಿಬಿರ ನಡೆದ ಹಳ್ಳಿಗಳಲ್ಲಿ ಶೇ. 18, ಶಿಬಿರದೊಂದಿಗೆ ತಾಯಿಗೆ ಒಂದು ಕಿಲೋ ಬೇಳೆ, ಕೊನೆಯ ಲಸಿಕೆಗೆ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಶೇ. 39. ಬೇಳೆಯ ವೆಚ್ಚ ಸೇರಿದರೂ ಒಂದು ಮಗುವಿಗೆ ತಗಲುವ ಖರ್ಚು ಅರ್ಧಕ್ಕೆ ಇಳಿಯಿತು. ಅದೇ ದಾದಿ ಅದೇ ದಿನ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿದ್ದೇ ಕಾರಣ. ಹಾಗಿದ್ದೂ ನೂರರಲ್ಲಿ ಅರವತ್ತೊಂದು ಮಕ್ಕಳು ಹೊರಗುಳಿದರು ಎಂಬುದನ್ನೂ ಗಮನಿಸಬೇಕು.

ಈ ಮಾರ್ಗದ ಮೇಲೆ ಒಂದು ನೈತಿಕ ಆಕ್ಷೇಪ ಪ್ರಬಲವಾಗಿದೆ. ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ನೋಡುವುದು ನಿರ್ದಯವಲ್ಲವೇ ಎಂಬುದು ಆ ಪ್ರಶ್ನೆ. ಎಲ್ಲರಿಗೂ ಸಾಲುವಷ್ಟು ದ್ರವ್ಯವಿದ್ದೂ ತಡೆಹಿಡಿದರೆ ಅದು ನಿಶ್ಚಯವಾಗಿ ದೋಷ. ಆದರೆ ಯಾವ ಸಂಸ್ಥೆಯ ಬಳಿಯೂ ಅಷ್ಟಿರುವುದಿಲ್ಲ. ಯಾರಾದರೂ ಮೊದಲು ಪಡೆಯುತ್ತಾರೆ, ಯಾರಾದರೂ ಕಾಯುತ್ತಾರೆ. ವಶೀಲಿ, ನೆಂಟಸ್ತನ, ಜಾತಿಗಳ ಮೇಲೆ ಸರದಿ ನಿರ್ಧಾರವಾಗುವುದಕ್ಕಿಂತ ಚೀಟಿಯ ಮೇಲೆ ಆಗುವುದು ಹೆಚ್ಚು ನ್ಯಾಯವಾದದ್ದು. ಒಂದು ನಿಬಂಧನೆ ಮಾತ್ರ ಅವಶ್ಯ: ಕಾದವರು ಬರಿಯ ಹೋಲಿಕೆಯ ಅಂಕಿಗಳಾಗಿ ಉಳಿಯಬಾರದು. ಪ್ರಯೋಜನ ಸಿದ್ಧವಾದ ಮೇಲೆ ಅದು ಮೊದಲು ತಲುಪಬೇಕಾದದ್ದು ಅವರಿಗೆ.

ಬಸದಿಗಳ ಟ್ರಸ್ಟುಗಳಿಗೆ ಇದರಲ್ಲಿ ನೇರವಾದ ಪಾಠವಿದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಔಷಧದಾನ ನೇತ್ರ ಶಿಬಿರ, ರೋಗ ತಪಾಸಣೆಗಳ ರೂಪದಲ್ಲಿ ಇಂದಿಗೂ ನಡೆಯುತ್ತದೆ. ತತ್ತ್ವಾರ್ಥಸೂತ್ರ ದಾನದ ಹೆಚ್ಚಳವನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ಮೇಲಿಂದ ನಿರ್ಣಯಿಸುತ್ತದೆ. ಅದರಲ್ಲಿ ವಿಧಿಯೇ ಮೊದಲನೆಯದು. ಕೊಡುವ ಕ್ರಮದ ಪರಿಶೀಲನೆ ಹೊರಗಿನಿಂದ ಬಂದ ಹೊಸ ವಿಚಾರವೇನಲ್ಲ. ಅದೇ ಗ್ರಂಥ ಹಿಂಸೆಯ ವಿವರಣೆಯಲ್ಲಿ ಪ್ರಮಾದಕ್ಕೆ, ಎಂದರೆ ಎಚ್ಚರಗೇಡಿತನಕ್ಕೆ, ಕೊಡುವ ಸ್ಥಾನವೂ ಸ್ಮರಣೀಯ. ದಾನ ತಲುಪಿತೇ ಎಂದು ತಿಳಿಯುವ ದಾರಿಯಿದ್ದೂ ತಿಳಿಯದೆ ಇರುವುದು ಪ್ರಮಾದದ ಒಂದು ರೂಪವೇ ಸರಿ.

ಇದಕ್ಕೆ ದೊಡ್ಡ ಸಂಶೋಧಕರು ಬರಬೇಕಾಗಿಲ್ಲ. ಶಿಬಿರಕ್ಕೆ ಬಂದವರ ಪಟ್ಟಿಯ ಪಕ್ಕದಲ್ಲಿ ಬರಬೇಕಾಗಿದ್ದೂ ಬಾರದವರ ಪಟ್ಟಿ ಇರಲಿ. ಶಸ್ತ್ರಚಿಕಿತ್ಸೆಗೆಂದು ಸೂಚಿಸಿದವರಲ್ಲಿ ಎಷ್ಟು ಜನ ನಿಜವಾಗಿ ಆಸ್ಪತ್ರೆ ಸೇರಿದರು ಎಂಬುದನ್ನು ಆರು ತಿಂಗಳ ಮೇಲೆ ಮನೆಗೆ ಹೋಗಿ ಕೇಳಲಿ. ಈ ವರ್ಷ ಶಿಬಿರ ನಡೆದ ಊರನ್ನೂ ಮುಂದಿನ ವರ್ಷ ನಡೆಯಲಿರುವ ನೆರೆಯೂರನ್ನೂ ಹೋಲಿಸಿ ನೋಡಲಿ. ಸರಕಾರದ ಕಾರ್ಡು ಇದ್ದೂ ಬಳಸಲಾಗದ ಮನೆಗೆ ಒಬ್ಬ ಜೊತೆಗಾರನನ್ನು, ಬಸ್ಸಿನ ಖರ್ಚನ್ನು ಒದಗಿಸುವುದು ಹೊಸ ಶಿಬಿರಕ್ಕಿಂತ ಹೆಚ್ಚು ಫಲ ಕೊಡುತ್ತದೆಯೇ ಎಂಬುದನ್ನು ಒಂದು ತಾಲೂಕಿನಲ್ಲಿ ಪರೀಕ್ಷಿಸಲಿ. ಉತ್ತರ ಏನೇ ಬರಲಿ, ಅದನ್ನು ವಾರ್ಷಿಕ ವರದಿಯಲ್ಲಿ ಬರೆಯಲಿ.

ಅಂಕಿಗಳಿಗೆ ಎಟುಕದ ವಿಷಯಗಳೂ ಇವೆ. ರೋಗಿಯೊಡನೆ ಆಡಿದ ಮೃದುವಾದ ಮಾತು, ಪಡೆಯುವವನ ಮಾನ ಕುಂದದಂತೆ ಕೊಟ್ಟ ಕೈ, ಇವನ್ನು ಯಾವ ಸಮೀಕ್ಷೆಯೂ ಅಳೆಯಲಾರದು. ಆದರೆ ಅಳೆಯಲಾಗದ್ದರ ಹೆಸರು ಹೇಳಿ ಅಳೆಯಬಹುದಾದದ್ದನ್ನು ಬಿಟ್ಟುಬಿಡುವುದು ಸಲ್ಲದು. ಗೆರೆಯ ಎರಡು ಬದಿಯ ಹಳ್ಳಿಗಳ ನಡುವೆ, ಸಾವಿರಕ್ಕೆ ಒಂಬತ್ತು ಮತ್ತು ಮೂರರ ನಡುವೆ ಇರುವ ಅಂತರ ಮನುಷ್ಯರ ಪ್ರಾಣಗಳದು. ಅದನ್ನು ಎಣಿಸುವ ಶ್ರಮವೂ ಕರುಣೆಯ ಕಾರ್ಯವೇ ಆಗಿದೆ.