ಎದುರು ಪಾಳಯದ ಸಾಕ್ಷಿ

ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಗಳು ಸಾಲುಗಟ್ಟಿ ನಿಲ್ಲುತ್ತವೆ. ಐತಿಹಾಸಿಕ ನಾಟಕವಾದರೆ ನಾಯಕನನ್ನು ಗುರುತಿಸಲು ನಮಗೆ ಕಷ್ಟವಿಲ್ಲ. ಅವನು ನಮ್ಮ ಪಾಳಯದವನು, ಎದುರಿಗಿರುವವನು ಶತ್ರು. ಸ್ಕಾಟ್ಲೆಂಡಿನ ಹಳೆಯ ಸಾಹಸ ಕಾದಂಬರಿಗಳ ತರುಣ ನಾಯಕ ಈ ಲೆಕ್ಕಕ್ಕೆ ಸಿಗುವುದಿಲ್ಲ.

ವಾಲ್ಟರ್ ಸ್ಕಾಟ್ 1814ರ 'ವೇವರ್ಲಿ'ಯಲ್ಲಿ ಇಂಥವನನ್ನು ಮೊದಲು ತಂದ. ಅವನಿಗಿಂತ ಗಟ್ಟಿಯಾದವನು ಸ್ಟೀವನ್‌ಸನ್‌ನ 'ಕಿಡ್ನ್ಯಾಪ್ಡ್' (1886) ಕಾದಂಬರಿಯ ಡೇವಿಡ್ ಬಾಲ್ಫರ್. ಹದಿನೇಳರ ಈ ಹುಡುಗ ಬ್ರಿಟನ್ನಿನ ದೊರೆಗೆ ನಿಷ್ಠ. ಅವನ ಒಡನಾಡಿ ಆಲನ್ ಬ್ರೆಕ್ ಅದೇ ದೊರೆಯ ವಿರುದ್ಧ ಬಂಡೆದ್ದವನು. ಇಬ್ಬರೂ ಸೈನಿಕರಿಂದ ತಲೆಮರೆಸಿಕೊಂಡು ಬೆಟ್ಟ ಅಲೆಯುತ್ತಾರೆ, ಕತ್ತಿ ಹಿರಿಯುವಷ್ಟು ಜಗಳವಾಡುತ್ತಾರೆ, ಆದರೂ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ಡೇವಿಡ್ ಪಕ್ಷ ಬದಲಿಸುವುದೂ ಇಲ್ಲ. ಮುಂದಿನ ಭಾಗವಾದ 'ಕ್ಯಾಟ್ರಿಯೋನಾ'ದಲ್ಲಿ (1893) ಕೊಲೆಯ ಆರೋಪ ಹೊತ್ತ ಜೇಮ್ಸ್ ಸ್ಟುವರ್ಟ್ ನಿರಪರಾಧಿ ಎಂದು ಸಾಕ್ಷಿ ಹೇಳಲು ತಾನಾಗಿ ಹೊರಡುತ್ತಾನೆ. ಅವನ ಪಾಳಯದವರೇ ಅವನನ್ನು ತಡೆದಿಡುತ್ತಾರೆ. ಜೇಮ್ಸ್ ಗಲ್ಲಿಗೇರುತ್ತಾನೆ, 1752ರಲ್ಲಿ ನಿಜವಾಗಿಯೂ ನಡೆದದ್ದು ಅದೇ.

ಈ ಕಥೆ ನಮಗೆ ದೂರದ್ದಲ್ಲ. 1746ರಲ್ಲಿ ಬಂಡಾಯ ಮುರಿದ ಮೇಲೆ ಸ್ಕಾಟ್ಲೆಂಡಿನ ಬೆಟ್ಟದ ಜನರ ಆಯುಧಗಳನ್ನು ಕಾನೂನು ಮಾಡಿ ಕಿತ್ತುಕೊಳ್ಳಲಾಯಿತು. 1857ರಲ್ಲಿ ಅಂಥದೇ ಹುಕುಂ ಇದೇ ಬಾಗಲಕೋಟೆ ಜಿಲ್ಲೆಯ ಹಲಗಲಿಗೆ ಬಂತು. ಬೇಡರು ಹತಾರ ಕೊಡಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು.

ಅವರ ಪರ ಉಳಿದ ಸಾಕ್ಷಿ ಒಂದು ಲಾವಣಿ. ಅದು ಸೋತವರ ಒಡಲಿನಿಂದಲೇ ಹುಟ್ಟಿದ ಮಾತು. ಅದರಲ್ಲಿ ಡೇವಿಡ್‌ನಂಥ ಮಧ್ಯಸ್ಥ ಹುಡುಗನಿಲ್ಲ, ಬೇಕಾಗಿಯೂ ಇಲ್ಲ. ಅದರ ಬಿಸಿ ಸ್ಟೀವನ್‌ಸನ್‌ನಲ್ಲಿ ಸಿಗದು. ಡೇವಿಡ್‌ಗೆ ಕೊನೆಗೆ ಮನೆ, ಆಸ್ತಿ ಎರಡೂ ದಕ್ಕುತ್ತವೆ. ಹಲಗಲಿಯ ಹುಡುಗರಿಗೆ ಮರಳಲು ಮನೆಯೇ ಉಳಿಯಲಿಲ್ಲ. ಇದು ಆ ಕಾದಂಬರಿಗಳ ಮಿತಿ ಎಂದೇ ಹೇಳಬೇಕು.

ಆದರೆ ಇನ್ನೊಂದು ಮಾತಿದೆ. ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಅವನ ಕನ್ನಡ ಲಾವಣಿಗಳು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ 1885ರಿಂದ ಬರತೊಡಗಿದವು. ಡೇವಿಡ್ ಹುಟ್ಟಿದ್ದೂ ಅದೇ ಆಸುಪಾಸಿನಲ್ಲಿ. ಫ್ಲೀಟ್ ಸರಕಾರದ ನೌಕರಿ ಬಿಟ್ಟು ಬಂಡಾಯಗಾರನಾಗಲಿಲ್ಲ. ಆದರೂ ಗೆದ್ದವರ ಕಡೆಯವನ ಕೈಯಿಂದಲೇ ಸೋತವರ ಹಾಡು ಕಾಗದಕ್ಕೆ ಇಳಿಯಿತು.

ನಮ್ಮವರಿಗಾಗಿ ನಾವು ಅಳುವುದು ಸಹಜ, ಅದಕ್ಕೆ ಲಾವಣಿಗಳಿವೆ. ನಮ್ಮವನಲ್ಲದವನಿಗೆ ಅನ್ಯಾಯವಾದಾಗ, ಅವನ ವಿಚಾರವನ್ನು ಒಪ್ಪದೆಯೂ ಕಟಕಟೆ ಹತ್ತುವ ತರುಣ ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ, ನಾಟಕಗಳಲ್ಲಿ ತೀರ ವಿರಳ. ಕೋಟೆ ಗೆಲ್ಲುವ ನಾಯಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಡೇವಿಡ್ ಯಾವ ಕೋಟೆಯನ್ನೂ ಗೆಲ್ಲಲಿಲ್ಲ, ಒಂದು ಜೀವವನ್ನೂ ಉಳಿಸಲಾಗಲಿಲ್ಲ. ತಾನು ಕಂಡದ್ದನ್ನು ಹೇಳಲು ಹೊರಟ, ಅಷ್ಟೆ. ಅಂಥ ಹುಡುಗನಿಗೂ ಶಿಳ್ಳೆ ಹೊಡೆಯುವುದನ್ನು ನಾವು ಕಲಿಯಬೇಕಾಗಿದೆ.